ಎಡಗೈ ಹೆಬ್ಬೆರಳು

"ಇನ್ನೊಂದ್ ಸಲ ಒತ್ತು," ಎಂದರು ಪಾಲಾಕ್ಷ.

ಹಲೀಮಾ ಬೀ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ಹಾಜರಾತಿ ಯಂತ್ರದ ಗಾಜಿನ ಮೇಲಿಟ್ಟಳು. ನಾಲ್ಕನೆಯ ಸಲವೂ ಕೆಂಪು ದೀಪವೇ ಹತ್ತಿತು.

ಪಾಲಾಕ್ಷ ಚಳ್ಳಕೆರೆಯ ಆ ಸರ್ಕಾರಿ ಕಚೇರಿಯ ಗುಮಾಸ್ತರು. ಮೇಲಿನಿಂದ ಅವರಿಗೊಂದು ಪತ್ರ ಬಂದಿತ್ತು: ಗುಡಿಸುವ ಕೆಲಸಕ್ಕೆ ಹೊರಗುತ್ತಿಗೆಯ ಇಬ್ಬರು ಬೇಕಿಲ್ಲ, ಒಬ್ಬರು ಸಾಕು, ಹಾಜರಾತಿ ಹೆಚ್ಚಿರುವವರನ್ನು ಉಳಿಸಿಕೊಳ್ಳತಕ್ಕದ್ದು. ಪಟ್ಟಿ ತೆಗೆದು ನೋಡಿದರೆ ಹಲೀಮಾ ಬೀ ಮತ್ತು ನಿಂಗಕ್ಕ ಆರು ವರ್ಷದಿಂದ ಒಂದೇ ನಿಮಿಷಕ್ಕೆ ಬಂದು ಒಂದೇ ನಿಮಿಷಕ್ಕೆ ಹೋಗಿದ್ದರು. ಜ್ವರ ಬಂದಿದ್ದೂ ಒಂದೇ ದಿನ. ನಿಂಗಕ್ಕನ ಮಗಳ ಹೆರಿಗೆಗೆ ಇಬ್ಬರೂ ಇಪ್ಪತ್ತೊಂದು ದಿನ ಗೈರು. ಹಲೀಮಾ ಬೀ ನೆಂಟರ ಮದುವೆಗೆಂದು ಮೊಳಕಾಲ್ಮುರಿನಲ್ಲಿ ಇದ್ದ ವಾರ ಮಾತ್ರ ಇಬ್ಬರೂ ಕಚೇರಿಯಲ್ಲಿ ಹಾಜರು. ಗಂಡಹೆಂಡಿರಲ್ಲೂ ಪಾಲಾಕ್ಷ ಇಂಥ ಹೊಂದಾಣಿಕೆ ಕಂಡಿರಲಿಲ್ಲ.

"ಇದೇನ್ ಪವಾಡ ಹೇಳ್ರವ್ವ. ಬೈಯಲ್ಲ, ತಿಳ್ಕೊಳ್ಳೋಕೆ ಕೇಳ್ತಿದೀನಿ."

ನಿಂಗಕ್ಕ ಪೊರಕೆಯನ್ನು ಗೋಡೆಗೆ ಒರಗಿಸಿ, ತನ್ನ ಎಡಗೈ ಹೆಬ್ಬೆರಳನ್ನು ಗಾಜಿನ ಮೇಲಿಟ್ಟಳು. ಹಸಿರು ದೀಪ ಹತ್ತಿ, ಪರದೆಯ ಮೇಲೆ ಹಲೀಮಾ ಬೀ ಎಂಬ ಹೆಸರು ಮೂಡಿತು.

"ಮಿಷನ್ ಹಾಕ್ದಾಗ ಇವಳ ಬೆಳ್ಳು ಹಿಡೀಲಿಲ್ಲ ಸಾರ್," ಎಂದಳು. "ಇಪ್ಪತ್ತು ವರ್ಷ ಮಂಡಿಯಾಗೆ ಬಿತ್ತನೆ ಶೇಂಗಾ ಸುಲಿದು ಗೆರೆಯೆಲ್ಲ ಸವೆದೋಗ್ಯಾವೆ. ಹತ್ತೂ ಬೆಳ್ಳು ಇಟ್ಟು ನೋಡಿದ್ವಿ. ಮಿಷನ್ನೋನಿಗೆ ಬಸ್ಸಿಗೆ ಹೊತ್ತಾಗಿತ್ತು, ಯಾರ್ದಾದ್ರೂ ಒಂದು ಇಡ್ರಿ ಅಂದ. ನಂದು ಎಡಗಡೇದು ಖಾಲಿ ಇತ್ತು."

"ಖಾಲಿ ಇತ್ತಾ?"

"ಹೂ ಸಾರ್. ಬಲಗಡೇದು ನಂಗೇ ಬೇಕಿತ್ತಲ್ಲ."

"ಸರಿ, ಹೆರಿಗೆಯ ಆ ಇಪ್ಪತ್ತೊಂದು ದಿನ?"

"ಎರಡೂ ಮಹಡಿ ನಾನೇ ಗುಡಿಸ್ದೆ ಸಾರ್," ಎಂದಳು ಹಲೀಮಾ ಬೀ. "ಮಿಷನ್ನಿಗೆ ಮಾತ್ರ ನಾನು ಬಂದಿರ್ಲಿಲ್ಲ."

ಪಾಲಾಕ್ಷ ವರದಿ ಬರೆಯಲು ಪೆನ್ನಿನ ಕ್ಯಾಪು ತೆಗೆದರು. ಆರು ವರ್ಷವೂ ಆ ಪಟ್ಟಿಯ ಕೆಳಗೆ 'ಪರಿಶೀಲಿಸಿದೆ' ಎಂದು ಸಹಿ ಹಾಕುತ್ತ ಬಂದವರು ತಾವೇ ಎಂಬುದು ನೆನಪಾಗಿ ಮತ್ತೆ ಮುಚ್ಚಿದರು. ಹಾಜರಾತಿ ಸಮ ಇದೆ ಎಂದಷ್ಟೇ ಬರೆದು ಎರಡೂ ಹೆಸರನ್ನು ಹೊರಗುತ್ತಿಗೆ ಏಜೆನ್ಸಿಗೆ ಕಳಿಸಿದರು. ವಾರದಲ್ಲಿ ಉತ್ತರ ಬಂತು: ತಿಂಗಳ ಕೊನೆಗೆ ನಿಂಗಕ್ಕನ ಸೇವೆ ಮುಕ್ತಾಯ. ಕಾರಣ ಬರೆದಿರಲಿಲ್ಲ.

ಹೀಗೆ ನಿಂಗಕ್ಕನ ಬಲ ಹೆಬ್ಬೆರಳು ಕೆಲಸ ಕಳೆದುಕೊಂಡಿತು. ಎಡದ್ದು ನೌಕರಿಯಲ್ಲಿ ಉಳಿಯಿತು. ಬೆಳಿಗ್ಗೆ ಹತ್ತಕ್ಕೊಮ್ಮೆ, ಸಂಜೆ ಐದೂವರೆಗೊಮ್ಮೆ ಅದು ಬಂದು ಒತ್ತಬೇಕು. ಈ ತಿಂಗಳಿಂದ ಬಂದ ಹೊಸ ನಿಯಮದಂತೆ, ಸತತ ಮೂರು ದಿನ ಒತ್ತದಿದ್ದರೆ ಹಲೀಮಾ ಬೀಯ ಹೆಸರೂ ತಾನಾಗಿ ಅಳಿಯುತ್ತದೆ.

ಕೊನೆಯ ದಿನ ನಿಂಗಕ್ಕ ಯಾರನ್ನೂ ಮಾತಾಡಿಸದೆ ಊಟದ ಡಬ್ಬಿ ಎತ್ತಿಕೊಂಡು ನಾಯಕನಹಟ್ಟಿ ಬಸ್ಸಿಗೆ ಹೊರಟಳು. ಹಲೀಮಾ ಬೀ ಗೇಟಿನ ತನಕ ಹೋಗಿ ಹಿಂದಿರುಗಿದಳು.

"ಕೇಳಿದ್ಯಾ?" ಎಂದರು ಪಾಲಾಕ್ಷ.

"ಹೆಂಗ್ ಕೇಳ್ಲಿ ಸಾರ್? ನಿನ್ ಕೆಲ್ಸ ಹೋಯ್ತು, ನನ್ನ ಕೆಲ್ಸ ಉಳ್ಸಾಕೆ ದಿನಾ ಬಾ ಅಂತ ಯಾವ್ ಮುಖ ಇಟ್ಕಂಡ್ ಕೇಳ್ಲಿ?"

ಸೋಮವಾರ ನಿಂಗಕ್ಕ ಬರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ, ಹತ್ತೂವರೆಗೆ ಮೊದಲು ಎಂದೂ ಮುಖ ತೋರಿಸದ ನೌಕರರೆಲ್ಲ ಒಂಬತ್ತೂ ಮುಕ್ಕಾಲಿಗೇ ಬಂದು ಕಿಟಕಿಗೆ ಅಂಟಿಕೊಂಡಿದ್ದರು. ಹಲೀಮಾ ಬೀ ಮಾತ್ರ ಅತ್ತ ನೋಡದೆ, ಗುಡಿಸಿದ ಮೆಟ್ಟಿಲನ್ನೇ ಮತ್ತೆ ಗುಡಿಸುತ್ತಿದ್ದಳು.

ಹತ್ತಕ್ಕೆ ಎರಡು ನಿಮಿಷವಿದ್ದಾಗ ನಿಂಗಕ್ಕ ಗೇಟು ದಾಟಿ ಬಂದಳು. ಗುಡಿಸುವ ಕೆಲಸವಿಲ್ಲವಲ್ಲ, ಒಳ್ಳೆಯ ಸೀರೆ ಉಟ್ಟಿದ್ದಳು. ನೇರ ಯಂತ್ರದ ಬಳಿ ಹೋಗಿ ಎಡಗೈ ಚಾಚಿದಳು. ಹಸಿರು ದೀಪ.

"ಎರಡು ದಿನ ಎಲ್ಲಿದ್ದಿ ನಿಂಗಕ್ಕ?" ಎಂದರು ಪಾಲಾಕ್ಷ.

"ಮನೇಲಿ. ಸಿಟ್ಟಿತ್ತು ಸಾರ್."

"ಇವತ್ತು?"

"ಇವತ್ತೂ ಐತೆ. ಬಸ್ಸು ಹೆಂಗೂ ಫ್ರೀ."

ಐದೂವರೆಗೆ ಇನ್ನೊಮ್ಮೆ ಒತ್ತಬೇಕಿತ್ತು. ಊರಿಗೆ ಹೋಗಿ ಬರುವುದು ಯಾಕೆಂದು ಅವಳು ವರಾಂಡದಲ್ಲಿ ಸಾರ್ವಜನಿಕರಿಗೆಂದು ಹಾಕಿದ್ದ ಬೆಂಚಿನ ಮೇಲೆ, ಅರ್ಜಿ ಹಿಡಿದವರ ನಡುವೆ ಕುಳಿತಳು. ಹಲೀಮಾ ಬೀ ಮೆಟ್ಟಿಲು ಮುಗಿಸಿ ವರಾಂಡ ಗುಡಿಸುತ್ತ ಬಂದಳು. ಬೆಂಚಿನ ಹತ್ತಿರ ಬಂದಾಗ ನಿಂಗಕ್ಕ ಎರಡೂ ಕಾಲನ್ನು ಮೇಲೆತ್ತಿ ಹಿಡಿದಳು. ಹಲೀಮಾ ಬೀ ಬಗ್ಗಿ, ಅವುಗಳ ಕೆಳಗೆ, ಬೇಕಾದ್ದಕ್ಕಿಂತ ನಿಧಾನವಾಗಿ ಗುಡಿಸಿದಳು.