ಎಡಗಡೆಯ ಚಕ್ರ

ತುಕ್ಕಿನ ವಾಸನೆ ಅಂಗೈಯಿಂದ ಮೂಗಿಗೆ ಹತ್ತಿದೆ, ಒರೆಸಿದಷ್ಟೂ ಹೆಚ್ಚು, ಇರಲಿ, ಐದು ನಟ್ಟುಗಳಲ್ಲಿ ಒಂದೂ ಜಗ್ಗುವುದಿಲ್ಲ ಅಂದರೆ ಏನರ್ಥ, ಮೂವತ್ತು ವರ್ಷ ಊರಿಗೆಲ್ಲ ಡ್ರೈವಿಂಗ್ ಕಲಿಸಿದವಳು ಇವಳು, ಈಗ ಈ ಮುದಿ ಜೀಪಿನ ಎದುರು ಮಂಡಿಯೂರಿದ್ದಾಳೆ, ಮುಂದಿನ ಎಡ ಚಕ್ರ ಪಂಕ್ಚರ್, ಇಷ್ಟು ದಿನ ಪಂಕ್ಚರ್ ಶಾಪಿನವನೇ ಬಿಚ್ಚುತ್ತಿದ್ದ, ಇವತ್ತು ಅವನ ಬಾಗಿಲಿಗೆ ಬೀಗ, ಗಂಟೆ ಒಂಬತ್ತೂವರೆ, ಹನ್ನೊಂದಕ್ಕೆ ಆಸ್ಪತ್ರೆಯ ಗೇಟಿನಲ್ಲಿ ಮಗಳು ಎಳೆಕೂಸನ್ನು ಎತ್ತಿಕೊಂಡು ನಿಂತಿರುತ್ತಾಳೆ — ಎರಡು ವರ್ಷದ ಮೇಲೆ ನಿನ್ನೆ ಫೋನು, ಅಮ್ಮ, ಜೀಪ್ ತಗೊಂಡು ನೀನೇ ಬರ್ತೀಯಾ, ಅಷ್ಟೇ, ಟ್ಯಾಕ್ಸಿ ಕರೀರಿ ಅಂತಾನೆ ಪಕ್ಕದ ಮನೆ ಟೈಲರು, ಅವನಿಗೆ ಹೇಳೋಕೇನು, ಜೀಪ್ ಅಂದಿದ್ದಾಳೆ, ಜೀಪೇ ಹೋಗಬೇಕು. ಸ್ಪ್ಯಾನರಿಗೆ ಕಬ್ಬಿಣದ ಪೈಪು ಸಿಕ್ಕಿಸಿ ಜೋತುಬಿದ್ದದ್ದಾಯಿತು, ಸೀಮೆಎಣ್ಣೆ ಹನಿಸಿ ಕಾದದ್ದಾಯಿತು, ಸುತ್ತಿಗೆಯಲ್ಲಿ ತಟ್ಟಿದ್ದಾಯಿತು, ಪೈಪಿನ ಮೇಲೆ ಹತ್ತಿ ನಿಂತು ಕುಣಿದಳು, ಊಹೂಂ, ಬೆನ್ನು ಹಿಡಿಯಿತು, ಹಿಡಿಯಲಿ, ಬಿಡುವವಳಲ್ಲ — ಮೆಟ್ಟಿಲ ಮೇಲೆ ಗಂಡ, ಕೈಯಲ್ಲಿ ಲೋಟ, ಆಗಿನಿಂದ ಬಾಯಿ ತೆರೆಯುವುದು, ಮುಚ್ಚುವುದು, ನೀವು ಮಧ್ಯೆ ಬಾಯಿ ಹಾಕಬೇಡಿ ಅಂತ ಮೊದಲೇ ಹೇಳಿಟ್ಟಿದ್ದಾಳೆ, ಜೀಪು ಅವರಪ್ಪನದೇ ಇರಬಹುದು, ಈ ಮನುಷ್ಯ ಜನ್ಮದಲ್ಲಿ ಒಂದು ಮೊಳೆ ನೆಟ್ಟಗೆ ಹೊಡೆದಿಲ್ಲ, ಮತ್ತೆ ತೆರೆಯಿತು, ಮತ್ತೆ ಮುಚ್ಚಿತು, ಮಗಳೂ ಹೀಗೇ, ಅವತ್ತು ಅಡುಗೆಮನೆಯಲ್ಲಿ, ಅಮ್ಮ, ನಾನು ಹೇಳೋದು ಒಂದ್ಸಲ, ಇವಳು ಬಿಟ್ಟರೆ ತಾನೆ, ನಂಗೆಲ್ಲ ಗೊತ್ತು ಅಂದಳು, ಆ ಬಾಯಿ ಮುಚ್ಚಿತು, ಮದುವೆಯನ್ನೂ ಹೇಳದೇ ಮಾಡಿಕೊಂಡಳು. ಏನ್ರೀ ಅದು, ಹೇಳಿ. ಗಂಡ ಲೋಟ ಕೆಳಗಿಟ್ಟರು, ಎಡಗಡೆ ಚಕ್ರದ ನಟ್ಟು ಉಲ್ಟಾ ಕಣೇ, ಬಲಕ್ಕೆ ತಿರುಗಿಸಿದ್ರೇ ಬಿಚ್ಚೋದು, ಹಳೇ ಗಾಡಿ, ಅಪ್ಪ ಹೇಳ್ತಿದ್ರು, ನೀನು ಆಗಿಂದ ಬಿಗಿ ಮಾಡ್ತಾನೇ ಇದ್ದೀಯ. ಮುಕ್ಕಾಲು ಗಂಟೆ, ತನ್ನ ಕೈಯಾರೆ, ನಾಲಿಗೆ ಕಚ್ಚಿಕೊಂಡು ಪೈಪನ್ನು ಎದುರು ಬದಿಗೆ ಹಾಕಿ ಕಾಲಿಟ್ಟಳು, ಕಟ್, ಒಂದು, ತುಕ್ಕಿನ ಪುಡಿ ಉದುರಿತು, ಕಟ್, ಎರಡು, ಹತ್ತೂವರೆಗೆ ಹೊರಟರೂ ಸಾಕು, ಕೂಸನ್ನು ಎತ್ತಿಕೊಳ್ಳುವ ಮೊದಲು ಒಂದೇ ಮಾತು, ನೀನು ಅವತ್ತು ಏನು ಹೇಳೋಕೆ ಬಂದಿದ್ದೆ ಅಂತ ಕೇಳಬೇಕು, ಆಮೇಲೆ ತುಟಿ ಪಿಟಕ್ಕೆನ್ನಬಾರದು, ಎನ್ನುವುದಿಲ್ಲ, ಮೂರು, ನಾಲ್ಕು, ಐದನೆಯದಕ್ಕೆ ಸ್ಪ್ಯಾನರ್ ಕೂರಿಸಿದ ಕೈ ಹಾಗೇ ನಿಂತಿತು — ಕಣ್ಣೆದುರಿಗೆ ಆ ಗೇಟು, ಅರ್ಧ ತೆರೆದ ಬಾಯಿ, ಮಗಳದು, ಒಣಗಿದ ಕೆಳತುಟಿ, ಮೊದಲ ಮಾತು ಇನ್ನೇನು ಹೊರಬರಬೇಕು