ಒಂದೇ ಗೂಟ

"ಕೈ ಕೊಡ್ರಿ ಅತ್ತೆ," ಎಂದಳು ಹುಲಿಗೆಮ್ಮ. ಕೊಡಲು ಆ ಕೈ ಗಿಡ್ಡಮ್ಮನ ಮಾತು ಕೇಳಬೇಕಲ್ಲ! ಸೊಸೆಯೇ ಅತ್ತೆಯ ಬಲಗೈಯನ್ನು ಮಡಿಲಿನಿಂದ ಎತ್ತಿ, ಬೀಸುಕಲ್ಲಿನ ಗೂಟಕ್ಕೆ ಬೆರಳು ಸುತ್ತಿಸಿ, ಮೇಲೆ ತನ್ನ ಕೈ ಇಟ್ಟಳು.

ಯುಗಾದಿಗೆ ಮುಂಚೆ ಲಕ್ವ ಹೊಡೆದಿತ್ತು. ಕಾಲು, ಬಾಯಿ ಹೆಚ್ಚುಕಡಿಮೆ ನೆಟ್ಟಗಾದವು. ಕೈ ಮಾತ್ರ ಮುನಿಸಿಕೊಂಡು ಕೂತಿತು. ಹೊನ್ನಾಳಿಯ ಪಂಡಿತರು, "ನರ ಸೋತೈತೆ, ಅಲುಗಾಡಿಸಬ್ಯಾಡ್ರಿ" ಎಂದು ಕಟ್ಟಿ ಕಳಿಸಿದರು. ಪಕ್ಕದ ಮನೆಯ ಸಾವಂತ್ರಮ್ಮ, "ದುಡಿದ ಕೈ, ಸುಮ್ನೆ ಕುಂತ್ರೆ ಕೆಲಸ ಮರೀತೈತೆ" ಎಂದು ಬಿಚ್ಚಿಸಿದಳು. ಬೀಸಿದ ಮರುದಿನ ಕೈ ಕೊರಡಾಗುತ್ತಿತ್ತು. ಬಿಟ್ಟರೆ ಇನ್ನೂ ಜಡವಾಗುತ್ತಿತ್ತು. ಯಾರ ಮಾತು ನಂಬಬೇಕೋ ಗಿಡ್ಡಮ್ಮನಿಗೆ ತಿಳಿಯದು.

ತಿಳಿದದ್ದು ನಾಚಿಕೆಯೊಂದೇ. ಸೊಸೆ ಬೀಸಿದ ಹಿಟ್ಟು ತರಿ ಎಂದು ಹತ್ತು ವರ್ಷ ಹೀಗಳೆದ ಬಾಯಿಗೆ ಈಗ ಅದೇ ಸೊಸೆ ತುತ್ತಿಡಬೇಕು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಒಂದೇ ಒಂದು ಸಲ ತನ್ನ ಕೈಯಾರೆ ಉಂಡು ಸತ್ತರೆ ಸಾಕೆನಿಸುತ್ತಿತ್ತು ಅವಳಿಗೆ.

ಮಹಾಯುದ್ಧದಿಂದಾಗಿ ಎಂಜಿನ್ನಿಗೆ ಎಣ್ಣೆ ಸಿಗದೆ ನ್ಯಾಮತಿಯ ಹಿಟ್ಟಿನ ಗಿರಣಿ ನಿಂತಿತ್ತು. ಮನೆಮನೆಯಲ್ಲೂ ಬೀಸುಕಲ್ಲಿಗೆ ಮತ್ತೆ ಜೀವ ಬಂದಿತ್ತು. ಹುಲಿಗೆಮ್ಮ ಕಲ್ಲು ತಿರುಗಿಸುತ್ತ ಬೀಸುವ ಪದ ಎತ್ತಿದಳು. ಅತ್ತೆಯೇ ಕಲಿಸಿದ ಪದ. ಗಿಡ್ಡಮ್ಮ ಕಣ್ಣು ಮುಚ್ಚಿ ದನಿಗೂಡಿಸಿದಳು. ಒಂದು ಪದ ಮುಗಿದು ಇನ್ನೊಂದು ಶುರುವಾಯಿತು. ಕಲ್ಲಿನ ಸದ್ದಿನಲ್ಲಿ ಏನೋ ಸರಿಯಿರಲಿಲ್ಲ.

"ಮೆಲ್ಲಕೆ ನೂಕೇ. ಹಿಟ್ಟೆಲ್ಲ ತರಿ ಬೀಳ್ತೈತೆ."

"ನಾನೆಲ್ಲಿ ನೂಕ್ತಿದೀನಿ ಅತ್ತೆ?"

ಗಿಡ್ಡಮ್ಮ ಕಣ್ಣು ಬಿಟ್ಟಳು. ಸೊಸೆಯ ಎರಡೂ ಕೈ ಜೋಳದ ಮೊರದಲ್ಲಿದ್ದವು. ನೋಡಿದ್ದೇ ತಡ, ಕಲ್ಲು ನಿಂತಿತು.

"ಸುಳ್ಳು. ಈಗ ತೆಗೆದಿದ್ದೀಯ."

"ಇಲ್ರೀ. ಕಾಳು ಹಾಕಾಕೆ ಬಿಟ್ಟವಳು ಮತ್ತೆ ಮುಟ್ಟೇ ಇಲ್ಲ."

ಗಿಡ್ಡಮ್ಮ ಕೈಯನ್ನೇ ದಿಟ್ಟಿಸಿ, ನಡಿ ಅಂದಳು. ಬೈದಳು. ಬೇಡಿಕೊಂಡಳು. ಬೆರಳು ಗೂಟದ ಮೇಲೆ ಸತ್ತ ಹಾಗೆ ಬಿದ್ದಿದ್ದವು. ಹಾಗಾದರೆ ಇಷ್ಟು ಹೊತ್ತು ಬೀಸಿದವರು ಯಾರು? ಸಂತೋಷಪಡಬೇಕೋ ಹೆದರಬೇಕೋ ತಿಳಿಯದೆ ಅಳು ಬಂತು.

"ಸಾಕು ಬಿಡ್ರಿ, ಸುಸ್ತಾಗೈತೆ. ನಾಳೆ ನೋಡಾನ," ಎಂದು ಹುಲಿಗೆಮ್ಮ ಸೆರಗಿನಿಂದ ಅತ್ತೆಯ ಕಣ್ಣು ಒರೆಸಿದಳು.

"ಇನ್ನೊಂದೇ ಪದ," ಎಂದಳು ಗಿಡ್ಡಮ್ಮ. ಕೈ ಕಾಣದಂತೆ ಗೋಡೆಯ ಕಡೆ ಮುಖ ತಿರುಗಿಸಿದಳು. "ನೀನು ಮುಟ್ಟಬ್ಯಾಡ."

ಹುಲಿಗೆಮ್ಮ ಹಾಡಿದಳು. ತುಸು ಹೊತ್ತಿನ ಮೇಲೆ, ಕಲ್ಲಿನ ಸುತ್ತ, ತರಿತರಿಯಾಗಿ, ಹಿಟ್ಟು ಉದುರತೊಡಗಿತು.