ಮುತ್ತಜ್ಜಿಯ ಪೀಪಾಯಿ

“ಸುಳ್ಳು ಬೊಗಳಬೇಡ. ಸೀಸೆ ಬದಲಾಯಿಸಿದೀಯ.”

“ಅರಗು ಒಡೆದೋಳು ನೀನೇ ಅಲ್ವೇನಕ್ಕ?”

ಸೊಲಾಂಜ್ ಎರಡು ಗ್ಲಾಸುಗಳನ್ನೂ ತಮ್ಮ ತಿಬೋನ ಮೂಗಿಗೆ ಹಿಡಿದಳು. ಒಂದರಲ್ಲಿ ಮುತ್ತಜ್ಜಿ ಲಿಯೊಂಟೀನಳ ಪೀಪಾಯಿಯಿಂದ ಈಗಷ್ಟೇ ತೆಗೆದ ಕೊನ್ಯಾಕ್ ಬ್ರಾಂದಿ. ಇನ್ನೊಂದರಲ್ಲಿ, ಸೊಲಾಂಜ್ ಹುಟ್ಟುವ ಎಷ್ಟೋ ಮೊದಲು ಸೋದರತ್ತೆಯ ಮದುವೆಗೆಂದು ಅದೇ ಪೀಪಾಯಿಯಿಂದ ತುಂಬಿಸಿಕೊಟ್ಟ ಸೀಸೆಯದು. ಅತ್ತೆ ಅದನ್ನು ಒಡೆಯದೆಯೇ ತೀರಿಕೊಂಡಿದ್ದಳು. ಬೆಳಿಗ್ಗೆ ತಿಬೋ ಅವಳ ಮನೆಗೆ ಹೋಗಿ ತಂದಿದ್ದ. ಎರಡರ ವಾಸನೆಗೂ ನೆಂಟಸ್ತಿಕೆಯೇ ಇರಲಿಲ್ಲ.

ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದ ವರ್ಷ ಲಿಯೊಂಟೀನ್ ಊರಿನ ಹೆಂಗಸರನ್ನು ಕಟ್ಟಿಕೊಂಡು ದ್ರಾಕ್ಷಿ ಕೊಯ್ದು, ತಾನೇ ಭಟ್ಟಿ ಇಳಿಸಿ ತುಂಬಿದ ಪೀಪಾಯಿ ಅದು. ಮನೆತನದ ಹೆಸರು ನಿಂತಿದ್ದೇ ಅದರ ಮೇಲೆ. ಸೊಲಾಂಜ್ ಚಿಕ್ಕವಳಿದ್ದಾಗಿನಿಂದ ಪ್ರತಿ ಕ್ರಿಸ್‌ಮಸ್ಸಿಗೂ ಅಪ್ಪ ಅದರ ಒಂದು ಹನಿಯನ್ನು ಅವಳ ಅಂಗೈಗೆ ಉಜ್ಜಿ, “ಇದು ಲಿಯೊಂಟೀನ್. ಮರೀಬೇಡ” ಅನ್ನುತ್ತಿದ್ದ.

“ಭಟ್ಟಿ ಇಳಿಸೋಕಂತೂ ಬರಲ್ಲ, ಕಳ್ಳತನನಾದ್ರೂ ನೆಟ್ಟಗೆ ಮಾಡಬಾರದೇನೋ? ಇದು ಲಿಯೊಂಟೀನ್ ಅಲ್ಲ.”

“ಅವನನ್ನ ಬಿಡೇ,” ಎಂದ ಅಪ್ಪ ಆನ್ಸೆಲ್ಮ್. ಅಲ್ಲಿಯವರೆಗೆ ನೆಲಮಾಳಿಗೆಯ ಗೋಡೆಯ ಕಪ್ಪು ಬೂಷ್ಟನ್ನು ಉಗುರಿನಿಂದ ಕೆರೆಯುತ್ತ ನಿಂತಿದ್ದ. “ಸೀಸೇದೇ ನಿಜವಾದ್ದು.”

“ಏನಂದೆ?”

“ದೇವದೂತರ ಪಾಲು ಅಂತ ವರ್ಷವರ್ಷ ಆವಿಯಾಗಿ ಇಳೀತಾ ಇತ್ತು. ನನ್ನ ಕಾಲದಲ್ಲಿ ಬರಿದಾಯ್ತು ಅನ್ನಿಸ್ಕೋಬಾರದು ಅಂತ... ಇಳಿದಷ್ಟು ನಾನು ಹೊಸದು ಸುರೀತಾ ಬಂದೆ. ನೀನು ಹುಟ್ಟೋಕೆ ಮುಂಚಿಂದ.”

ಬೆರಕೆಯಲ್ಲಿ ಅತಿ ಎಳೆಯ ಹನಿಗೆಷ್ಟು ವಯಸ್ಸೋ ಇಡೀ ಪೀಪಾಯಿಗೂ ಅಷ್ಟೇ. ಇದು ಈ ಸೀಮೆಯ ಮಕ್ಕಳಿಗೂ ಗೊತ್ತು. ನೂರು ದಾಟಿದ ಮುತ್ತಜ್ಜಿಯನ್ನು ಅಪ್ಪ ತೊಟ್ಟಿಲ ಕೂಸು ಮಾಡಿ ಕೂರಿಸಿದ್ದ. ಆ ಕೂಸಿನ ವಾಸನೆಯನ್ನೇ ಅಳತೆಗೋಲು ಮಾಡಿಕೊಂಡು ಸೊಲಾಂಜ್ ಇಪ್ಪತ್ತು ವರ್ಷ ತಮ್ಮ ಇಳಿಸಿದ ಬ್ರಾಂದಿಯನ್ನು ಮೂಸಿ, “ಲಿಯೊಂಟೀನ್ ಮುಂದೆ ನಿಲ್ಲಲ್ಲ” ಎಂದು ಮನೆತನದ ಸೀಸೆಗಳಿಂದ ಹೊರಗಿಟ್ಟಿದ್ದಳು.

ತಿಬೋ ಸೀಸೆಯ ಗ್ಲಾಸನ್ನು ಅವಳ ಕೈಯಿಂದ ತೆಗೆದುಕೊಂಡು ನಿಧಾನವಾಗಿ ಮೂಸಿದ. ಕುಡಿಯಲಿಲ್ಲ.

“ನಂದು ಹೀಗೇ ಇರ್ತಿತ್ತಲ್ಲಕ್ಕ,” ಎಂದ.

ಅವನು ಗ್ಲಾಸನ್ನು ಪೀಪಾಯಿಯ ಮೇಲಿಟ್ಟು ಮೆಟ್ಟಿಲೇರಿ ಹೋದ. ಅಂಗಳದಲ್ಲಿ ವ್ಯಾನು ಗುರ್ ಅಂದದ್ದು ಕೇಳಿಸಿತು.

ಅವನು ಮತ್ತೆ ಬರಲಿಲ್ಲ. ದ್ರಾಕ್ಷಿ ಕೊಯ್ಲು ಮುಗಿಯಿತು, ಚಳಿ ಬಿತ್ತು, ಭಟ್ಟಿ ಇಳಿಸುವ ಕಾಲವೂ ಬಂತು. ಭಟ್ಟಿಯ ತಣ್ಣನೆ ಒಲೆಯೊಳಗೆ ಬೆಕ್ಕೊಂದು ಮರಿ ಹಾಕಿತ್ತು.